ಸದ್ದಿಲ್ಲದ ಗಾಡಿಗೆ ಯಾವ ಒರೆಗಲ್ಲು?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ತಿಳಿದರೆ ವಯಸ್ಸು ತಿಳಿದಂತೆ. ಆಮೇಲೆ ಸುಳಿ, ಗೊರಸು, ಹೆಗಲು ಒಂದೊಂದಾಗಿ ಪರೀಕ್ಷೆಗೆ ಬರುತ್ತವೆ. ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ಹೇರು ತುಂಬಿದ ಬಂಡಿಗೆ ಹೂಡಿ ನೋಡಿದ ಮೇಲೆಯೇ ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಬೆರಳು ಮುಟ್ಟಿ ದರದ ಮಾತು. ಕೊಳ್ಳುವವನಿಗೆ ಅಕ್ಷರ ಬಾರದಿದ್ದರೂ ಎತ್ತಿನ ವಿಷಯದಲ್ಲಿ ಅವನನ್ನು ಮೋಸಗೊಳಿಸುವುದು ಕಷ್ಟವಾಗಿತ್ತು. ನೋಡಬೇಕಾದುದೆಲ್ಲ ಅವನ ಕಣ್ಣೆದುರಿಗೇ ಇರುತ್ತಿತ್ತು.

ಈ ಮಾತು ನೆನಪಾದದ್ದು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಲ್ಲಿ. ಹೋಟೆಲೊಂದರ ಮುಂದೆ ಬ್ಯಾಟರಿ ಮೋಟಾರ್ ಸೈಕಲ್ ನಿಂತಿತ್ತು. ಅದರ ಸುತ್ತ ಏಳೆಂಟು ಜನ. ಒಬ್ಬರು ಮಡ್‌ಗಾರ್ಡನ್ನು ಬೆರಳ ಗಂಟಿನಿಂದ ಬಡಿದು ನೋಡಿದರು. ಇನ್ನೊಬ್ಬರು ಸೀಟು ಒತ್ತಿದರು. ಹಿರಿಯರೊಬ್ಬರು, ‘ಚಾಲೂ ಮಾಡಪ್ಪಾ, ಸೌಂಡ್ ಕೇಳೋಣು’ ಎಂದರು. ‘ಚಾಲೂನೇ ಐತಿ ಕಾಕಾ’ ಎಂದ ಹುಡುಗ. ಎಲ್ಲರೂ ನಕ್ಕರು, ಕಾಕಾ ಮಾತ್ರ ನಗಲಿಲ್ಲ. ‘ಸೌಂಡೇ ಇಲ್ಲಂದ್ರ ಚಲೋ ಐತೋ ಕೆಟ್ಟೈತೋ ಹೆಂಗ ತಿಳೀಬೇಕು?’ ಎಂಬ ಅವರ ಪ್ರಶ್ನೆಗೆ ಅಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಈ ವರದಿಗಾರನ ಬಳಿಯೂ ಇರಲಿಲ್ಲ.

ಅದು ಹುಡುಗಾಟದ ಪ್ರಶ್ನೆಯಲ್ಲ. ಲಕ್ಷಗಟ್ಟಲೆ ರೂಪಾಯಿ ಬೆಲೆಯ ವಸ್ತುವನ್ನು ಸಾಲ ಮಾಡಿ ಕೊಳ್ಳುವವನಿಗೆ ಅದರ ಗುಣ ತಿಳಿಯುವ ಬಗೆ ಗೊತ್ತಿಲ್ಲದೆ ಹೋದರೆ, ನಷ್ಟ ಯಾರ ತಲೆಗೆ?

ಪರೀಕ್ಷಿಸಿ ಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಚಿಕ್ಕ ಸಂಸ್ಥಾನವಾಗಿದ್ದ ಗುರುಗುಂಟಾದ ನೆರೆಯಲ್ಲೇ ಹಟ್ಟಿ ಇದೆ. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನೆಲ ಬಗೆದು ಚಿನ್ನ ತೆಗೆಯುತ್ತಿದ್ದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವನ್ನು ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರೂ ಚಿನ್ನದ ಜಾಡು ಹಿಡಿದೇ ಈ ಕಡೆ ಬಂದವರು. ಚಿನ್ನವಿದ್ದಲ್ಲಿ ಒರೆಗಲ್ಲು ಇರಲೇಬೇಕು. ಕರಿ ಕಲ್ಲಿನ ಮೇಲೆ ಒಂದು ಗೀರು ಎಳೆದು, ಗುಣ ಗೊತ್ತಿರುವ ಚಿನ್ನದ ಗೀರಿನ ಪಕ್ಕದಲ್ಲಿಟ್ಟು ಹೋಲಿಸುವುದು ಅಕ್ಕಸಾಲಿಗನ ಪದ್ಧತಿ. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪರೀಕ್ಷೆ ಕೊಳ್ಳುವವನ ಕಣ್ಣೆದುರು ನಡೆಯುತ್ತದೆ. ಹೋಲಿಕೆಗೆ ಬೇಕಾದ ಮಾದರಿಯೂ ಅಲ್ಲೇ ಇರುತ್ತದೆ.

ಮೋಟಾರ್ ಸೈಕಲ್ ಬಂದಾಗ ಜನ ಅದಕ್ಕೂ ತಮ್ಮದೇ ಒರೆಗಲ್ಲು ಕಂಡುಕೊಂಡರು. ಕರ್ನಾಟಕದ ಮಟ್ಟಿಗೆ ಈ ಕಥೆ ಮೈಸೂರಿನಿಂದ ಆರಂಭವಾಗುತ್ತದೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿ ‘ಯೆಜ್ಡಿ’ ಎಂಬ ಹೆಸರು ಪಡೆಯಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆದ ಮೇಲೆ ಅದೇ ಕಡ್ಡಿ ಮಡಚಿ ಗೇರಿನ ಕಡ್ಡಿಯಾಗುವ ಚಮತ್ಕಾರ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್ ಇದರ ಲಕ್ಷಣಗಳು. ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಇದು ಯೆಜ್ಡಿ ಎಂದು ಕಿವಿಗೆ ತಿಳಿಯುತ್ತಿತ್ತು.

ಆ ಕಾಲದ ಮೇಸ್ತ್ರಿಗಳು ಎಂಜಿನ್ನಿನ ಮೈಗೆ ಸ್ಕ್ರೂ ಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಬೇರಿಂಗಿನ ಕಾಯಿಲೆ ಪತ್ತೆ ಹಚ್ಚುತ್ತಿದ್ದರು. ವೈದ್ಯರ ಸ್ಟೆತೊಸ್ಕೋಪಿಗೆ ಇದೇನೂ ಕಡಿಮೆಯಲ್ಲ. ಹೊಗೆ ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ ಎಂಬ ಲೆಕ್ಕ. ತಗಡು ದಪ್ಪವೇ, ಬೆಸುಗೆ ಗಟ್ಟಿಯೇ ಎಂಬುದನ್ನು ಬೆರಳೇ ಹೇಳುತ್ತಿತ್ತು. ಭಾರವಿದ್ದರೆ ಗಟ್ಟಿ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಹಗುರವಾದುದನ್ನು ಕಂಡರೆ ಇಂದಿಗೂ ನಮ್ಮ ಹಿರಿಯರು ಮೂಗು ಮುರಿಯುತ್ತಾರೆ.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದು ಈ ಒರೆಗಲ್ಲನ್ನೇ ಬದಲಿಸಿತು. ನಾಲ್ಕು ಸ್ಟ್ರೋಕಿನ ಪುಟ್ಟ ಎಂಜಿನ್, ಸದ್ದು ಕಡಿಮೆ, ಹೊಗೆ ಇಲ್ಲವೆನ್ನುವಷ್ಟು. ‘ಎಷ್ಟು ಕೊಡ್ತದ?’ ಎಂಬ ಒಂದೇ ಪ್ರಶ್ನೆ ಮುಂದಾಯಿತು. ಕೊಡುವುದು ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದೇ ಅರ್ಥ. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದವು, ಮಾರುಕಟ್ಟೆ ಕೈತಪ್ಪಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆಯವರ ಕೈಯಲ್ಲಿ ಮರಳಿ ಬಂದದ್ದು ಇನ್ನೊಂದು ಕಥೆ.

ಮೈಲೇಜಿಗೆ ಒಂದು ಗುಣವಿತ್ತು. ಕಂಪನಿ ಏನೇ ಹೇಳಲಿ, ಟ್ಯಾಂಕು ತುಂಬಿಸಿ ಓಡಿಸಿ ಮತ್ತೆ ತುಂಬಿಸಿದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ಒರೆಗಲ್ಲು ಗ್ರಾಹಕನ ಕೈಯಲ್ಲೇ ಉಳಿದಿತ್ತು.

ಇನ್ನು ವಿದ್ಯುತ್ ಗಾಡಿಯ ಮಾತು. ಇದು ನಿನ್ನೆ ಮೊನ್ನೆಯ ಆವಿಷ್ಕಾರ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಸಂಶೋಧಕ 1881ರಲ್ಲೇ ಪ್ಯಾರಿಸ್ಸಿನ ಬೀದಿಯಲ್ಲಿ ವಿದ್ಯುತ್ ಮೂರುಗಾಲಿ ಓಡಿಸಿದ್ದ. ಜರ್ಮನಿಯ ಡೈಮ್ಲರ್ ಪೆಟ್ರೋಲ್ ಎಂಜಿನ್ನಿನ ದ್ವಿಚಕ್ರವನ್ನು ಹೊರತಂದದ್ದು ಅದಾಗಿ ನಾಲ್ಕು ವರ್ಷಗಳ ಮೇಲೆ, 1885ರಲ್ಲಿ. ಅಮೆರಿಕದ ಆಗ್ಡನ್ ಬೋಲ್ಟನ್ 1895ರಲ್ಲಿ ವಿದ್ಯುತ್ ಸೈಕಲ್ಲಿಗೆ ಪೇಟೆಂಟ್ ಪಡೆದ. 1899ರಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು ಕೂಡ ಬ್ಯಾಟರಿಯದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬೆಲ್ಜಿಯಂನಲ್ಲಿ ಸೊಕೊವೆಲ್ ಎಂಬ ವಿದ್ಯುತ್ ಮೋಟಾರ್ ಸೈಕಲ್ ತಯಾರಾಯಿತು. ಸೋತದ್ದು ಮೋಟಾರಲ್ಲ, ಬ್ಯಾಟರಿ. ಸೀಸ ಮತ್ತು ಆಮ್ಲದ ಆ ಪೆಟ್ಟಿಗೆ ತನ್ನ ಭಾರವನ್ನೇ ಹೊರಲಾರದಷ್ಟು ಹೊರೆಯಾಗಿತ್ತು.

ಬೆಂಗಳೂರಿಗೂ ಈ ಸೀಸದ ಬ್ಯಾಟರಿಯ ಅನುಭವವಿದೆ. ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಎಂಬುದು ಆಗಿನ ಮಾತು. ಅದರ ಹೊರಮೈ ತಗಡಲ್ಲ, ನೆಗ್ಗದ ಪ್ಲಾಸ್ಟಿಕ್. ಬಡಿದು ನೋಡಿದವರಿಗೆ ಅದು ಆಟಿಕೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ನಿನಲ್ಲೂ ಅದು ಓಡಿತು. ಅಲ್ಲಿ ಅದನ್ನು ಕಾರೆಂದಲ್ಲದೆ ‘ಕ್ವಾಡ್ರಿಸೈಕಲ್’ ಎಂಬ ಹಗುರ ವರ್ಗಕ್ಕೆ ಸೇರಿಸಿದ್ದರಿಂದ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆಯಿಂದ ಅದಕ್ಕೆ ವಿನಾಯಿತಿ ಸಿಕ್ಕಿತ್ತು. 2007ರಲ್ಲಿ ಬ್ರಿಟನ್ನಿನಲ್ಲಿ ಖಾಸಗಿಯಾಗಿ ಡಿಕ್ಕಿ ಪರೀಕ್ಷೆ ನಡೆಸಿದಾಗ ಅದರ ಸುರಕ್ಷತೆಯ ಬಗ್ಗೆ ದೊಡ್ಡ ಟೀಕೆ ಎದ್ದಿತು. ಗಾಡಿ ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎಂಬುದರ ಮೇಲೆ ಅದಕ್ಕೆ ಯಾವ ಪರೀಕ್ಷೆ ಎಂಬುದು ನಿಲ್ಲುತ್ತದೆ. ಇದು ನಮ್ಮ ಹಳ್ಳಿಗಳಿಗೂ ಅನ್ವಯಿಸುವ ಮಾತು. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಗಾಡಿಗೆ ನಮ್ಮಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಅದರ ವೇಗಮಿತಿಯನ್ನು ಯಾರಾದರೂ ಸಡಿಲಿಸಿ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ವಿಮೆಯೂ ಇಲ್ಲ.

ಲಿಥಿಯಂ ಬ್ಯಾಟರಿ ಬಂದ ಮೇಲೆ ಚಿತ್ರ ಬದಲಾಯಿತು. ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ಪ್ರಕಟಿಸಿತು. ಏಥರ್ ಸ್ಕೂಟರ್ 2018ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. 2019ರಲ್ಲಿ ಉತ್ತರ ಭಾರತದಿಂದ ಬಂದ ರಿವೋಲ್ಟ್ ಆರ್‌ವಿ 400 ಮೋಟಾರ್ ಸೈಕಲ್ಲಿನಲ್ಲಿ ಒಂದು ತಮಾಷೆಯಿತ್ತು. ಸದ್ದಿಲ್ಲದ ಗಾಡಿಯನ್ನು ಜನ ಒಪ್ಪುವುದಿಲ್ಲವೆಂದು ಸ್ಪೀಕರ್ ಅಳವಡಿಸಿ ಎಂಜಿನ್ನಿನ ಸದ್ದು ಹೊರಡಿಸುವ ವ್ಯವಸ್ಥೆ ಮಾಡಿದ್ದರು. ನಾಲ್ಕು ಬಗೆಯ ಸದ್ದಿನಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ಗುರುಗುಂಟಾದ ಕಾಕಾ ಅವರಿಗೆ ಇದನ್ನು ತಿಳಿಸಿದರೆ ಏನೆನ್ನುತ್ತಾರೋ! ಎತ್ತಿಗೆ ಕಟ್ಟುಹಲ್ಲು ಕಟ್ಟಿಸಿದ ಹಾಗಾಯಿತು.

2022ರಲ್ಲಿ ಬೆಂಗಳೂರಿನಿಂದಲೇ ಎರಡು ಮೋಟಾರ್ ಸೈಕಲ್ ಬಂದವು. ಮಾರ್ಚಿಯಲ್ಲಿ ಓಬೆನ್ ರೋರ್ ಪರಿಚಯವಾಯಿತು. ನವೆಂಬರಿನಲ್ಲಿ ಅಲ್ಟ್ರಾವಯೊಲೆಟ್ ಕಂಪನಿಯ ಎಫ್ 77 ಬಿಡುಗಡೆಯಾಯಿತು. ಎಫ್ 77ರ 2024ರ ಆವೃತ್ತಿಯ ದೊಡ್ಡ ಮಾದರಿಯಲ್ಲಿ 10.3 ಕಿಲೋವಾಟ್ ಗಂಟೆಯ ಬ್ಯಾಟರಿ, ಸುಮಾರು 40 ಅಶ್ವಶಕ್ತಿಯ ಮೋಟಾರು, ಗಂಟೆಗೆ 155 ಕಿ.ಮೀ. ವೇಗ, ಒಂದು ಚಾರ್ಜಿಗೆ 323 ಕಿ.ಮೀ. ದೂರ ಎಂದು ಕಂಪನಿ ಘೋಷಿಸಿತು. ಯೆಜ್ಡಿ ರೋಡ್‌ಕಿಂಗ್‌ನದು 16 ಅಶ್ವಶಕ್ತಿ ಎಂಬುದನ್ನು ನೆನೆದರೆ ಮೈಸೂರಿನಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಎಷ್ಟು ದೂರ ಬಂದೆವೆಂಬುದು ತಿಳಿಯುತ್ತದೆ.

ಈ 323 ಎಂಬ ಅಂಕಿಯನ್ನು ಒರೆಗೆ ಹಚ್ಚೋಣ. ಅಂಕಿ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ರಸ್ತೆಯಲ್ಲಲ್ಲ. ನಮ್ಮ ದೇಶದಲ್ಲಿ ವಾಹನ ಮಾರಾಟಕ್ಕೆ ಬರುವ ಮೊದಲು ಪುಣೆಯ ಎಆರ್‌ಎಐ (1966ರಲ್ಲಿ ಸ್ಥಾಪನೆಯಾದದ್ದು) ಮುಂತಾದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಪರೀಕ್ಷೆ ಆಗಬೇಕು. ದೂರದ ಪರೀಕ್ಷೆಯನ್ನು ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ ‘ಭಾರತೀಯ ಚಾಲನಾ ಚಕ್ರ’ದ ಪ್ರಕಾರ ನಡೆಸುತ್ತಾರೆ. ಇದು 108 ಸೆಕೆಂಡುಗಳ ಒಂದು ಆವರ್ತ. ಸ್ವಲ್ಪ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಅತಿ ಹೆಚ್ಚಿನ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಹತ್ತಿರ. ಹಳೆಯ ಕಾಲದ ನಗರ ಸಂಚಾರವನ್ನು ಅಳೆದು ಮಾಡಿದ ಲೆಕ್ಕವಿದು. ಬ್ಯಾಟರಿ ಇನ್ನಾಗದು ಎನ್ನುವವರೆಗೂ ಇದನ್ನೇ ಮತ್ತೆ ಮತ್ತೆ ನಡೆಸಿ ಕ್ರಮಿಸಿದ ದೂರವನ್ನು ಬರೆದುಕೊಳ್ಳುತ್ತಾರೆ.

ಲಿಂಗಸುಗೂರಿನ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ಏರಿದವರು ಯಾರೂ 22ರಲ್ಲಿ ಹೋಗುವುದಿಲ್ಲ. ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ಎದುರೊತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 10.3 ಕಿಲೋವಾಟ್ ಗಂಟೆಯನ್ನು 323ರಿಂದ ಭಾಗಿಸಿದರೆ ಕಿಲೋಮೀಟರಿಗೆ 32 ವಾಟ್ ಗಂಟೆ ಬರುತ್ತದೆ. ವೇಗ ಹೆಚ್ಚಿಸಿದಾಗ ಇದೇ ಖರ್ಚು 50 ಆದರೆ ದೂರ 206 ಕಿ.ಮೀ.ಗೆ ಇಳಿಯಿತು, 60 ಆದರೆ 172. ಗುರುಗುಂಟಾದಿಂದ ರಾಯಚೂರಿಗೆ ಹೋಗಿ ಬರುವ ದಾರಿ 150 ಕಿ.ಮೀ. ಮೀರುತ್ತದೆ. 323 ಎಂದು ನಂಬಿ ಹೊರಟವನಿಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎದುರುಗಾಳಿಯಲ್ಲಿ ಮರಳುವಾಗ ಎದೆ ಹೊಡೆದುಕೊಳ್ಳುವುದು ಖಂಡಿತ. ಇದಕ್ಕಿಂತ ಅಗ್ಗದ, ಮೂರು ನಾಲ್ಕು ಕಿಲೋವಾಟ್ ಗಂಟೆಯ ಗಾಡಿಗಳಿಗೆ ಆ ಪ್ರಯಾಣದ ಮಾತೇ ಇಲ್ಲ. ಆದ್ದರಿಂದ ಅಂಗಡಿಯವರು ಎಷ್ಟು ಕಿಲೋಮೀಟರ್ ಎಂದಾಗ, ಯಾವ ವೇಗದಲ್ಲಿ ಎಂದು ಕೇಳುವುದೇ ಮೊದಲ ಹಲ್ಲು ನೋಡುವ ಕೆಲಸ.

ಶಕ್ತಿಯ ಅಂಕಿಯಲ್ಲೂ ಇಂಥದೇ ಒಂದು ಮಡಿಕೆಯಿದೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುತ್ತದೆ. ಗೇರಿನ ಗೊಡವೆಯಿಲ್ಲ, ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಪರೀಕ್ಷೆಗೆಂದು ಒಂದು ಸುತ್ತು ಹೋದವರೆಲ್ಲ ಇದಕ್ಕೇ ಮರುಳಾಗುತ್ತಾರೆ. ಆದರೆ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಗರಿಷ್ಠ ಶಕ್ತಿ. ಅದು ಸ್ವಲ್ಪ ಹೊತ್ತಿನ ಮಾತು. ಮೋಟಾರು, ಬ್ಯಾಟರಿ ಬಿಸಿಯಾದಂತೆ ಗಾಡಿಯೊಳಗಿನ ಗಣಕ ತಾನಾಗಿಯೇ ಶಕ್ತಿಯನ್ನು ಕಡಿತ ಮಾಡುತ್ತದೆ. ಎಡೆಬಿಡದೆ ಎಷ್ಟು ಶಕ್ತಿ ಕೊಡಬಲ್ಲದು ಎಂಬುದೇ ನಿಜವಾದ ತೂಕ. ಎರಡು ನಿಮಿಷದ ಸವಾರಿಯಲ್ಲಿ ಇದು ತಿಳಿಯದು. ಏಪ್ರಿಲ್ ಮಧ್ಯಾಹ್ನ ಇಬ್ಬರು ಕುಳಿತು ಅರ್ಧ ಗಂಟೆ ಓಡಿಸಿದರೆ ತಿಳಿಯುತ್ತದೆ. ಅಷ್ಟು ಹೊತ್ತು ಗಾಡಿ ಕೊಡುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೋ!

ಬಿಸಿಲಿನ ಮಾತನ್ನು ಇನ್ನಷ್ಟು ಆಡಲೇಬೇಕು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆ ಎಂದರೆ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಲಿಥಿಯಂ ಕೋಶಗಳು ಮನುಷ್ಯರಂತೆಯೇ ಹದವಾದ ಹವೆಯಲ್ಲಿ ಸುಖವಾಗಿರುತ್ತವೆ. ಸತತ ಕಾವಿನಲ್ಲಿ, ಅದರಲ್ಲೂ ತುಂಬ ಚಾರ್ಜ್ ಆದ ಸ್ಥಿತಿಯಲ್ಲಿ ಬಿಸಿಲಿಗೆ ನಿಂತರೆ ಬೇಗ ಮುಪ್ಪಾಗುತ್ತವೆ. ಕೋಶಗಳಲ್ಲೂ ಜಾತಿಗಳಿವೆ. ನಿಕಲ್ ಬೆರೆತವು ಕಡಿಮೆ ಭಾರದಲ್ಲಿ ಹೆಚ್ಚು ವಿದ್ಯುತ್ ಹಿಡಿದಿಡುತ್ತವೆ. ಕಬ್ಬಿಣ ಮತ್ತು ಫಾಸ್ಫೇಟಿನವು ತುಸು ಭಾರ, ಆದರೆ ಕಾವನ್ನು ಹೆಚ್ಚು ತಾಳುತ್ತವೆ, ಬೆಂಕಿಗೂ ಸುಲಭವಾಗಿ ತುತ್ತಾಗುವುದಿಲ್ಲ. ಮೇಲೆ ಹೇಳಿದ ಓಬೆನ್ ಎರಡನೆಯದನ್ನು ಆರಿಸಿಕೊಂಡಿತು. ಈ ವರದಿಗಾರನ ಅಭಿಪ್ರಾಯದಲ್ಲಿ ಬಯಲುಸೀಮೆಯ ಗ್ರಾಹಕ ವೇಗದ ಅಂಕಿಗಿಂತ ಮೊದಲು ಕೇಳಬೇಕಾದದ್ದು ಕೋಶದ ಈ ಜಾತಿಯನ್ನು.

ಬೆಂಕಿಯ ಮಾತು ಸುಮ್ಮನೆ ಬಂದದ್ದಲ್ಲ. 2022ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಪುಣೆಯಲ್ಲಿ ನಿಂತಿದ್ದ ವಿದ್ಯುತ್ ಸ್ಕೂಟರೊಂದು ಹೊತ್ತಿ ಉರಿಯಿತು. ವೆಲ್ಲೂರಿನಲ್ಲಿ ತಂದೆ, ಮಗಳು ಸತ್ತರು. ತೆಲಂಗಾಣದ ನಿಜಾಮಾಬಾದಿನಲ್ಲಿ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಬ್ಯಾಟರಿ ಸಿಡಿದು ವೃದ್ಧರೊಬ್ಬರು ಜೀವ ಕಳೆದುಕೊಂಡರು. ಅವೆಲ್ಲವೂ ಮಾರಾಟಕ್ಕೆ ಬಂದಿದ್ದ ಗಾಡಿಗಳೇ. ಕಾಗದಪತ್ರ ಇದ್ದ ಮಾತ್ರಕ್ಕೆ ಗುಣ ಇದೆಯೆಂದಲ್ಲ ಎಂಬುದು ಆಗ ಸರ್ಕಾರಕ್ಕೂ ಅರಿವಾಯಿತು. ತಜ್ಞರ ಸಮಿತಿ ನೇಮಕವಾಗಿ, ‘ಎಐಎಸ್ 156’ ಎಂಬ ಬ್ಯಾಟರಿ ಸುರಕ್ಷತೆಯ ಮಾನದಂಡ ಬಿಗಿಯಾಯಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಕೋಶ ಹೊತ್ತಿಕೊಂಡರೆ ಬೆಂಕಿ ಪಕ್ಕದ ಕೋಶಗಳಿಗೆ ಹೇಗೆ ಹಬ್ಬುತ್ತದೆ ಎಂಬುದೂ ಪರೀಕ್ಷೆಗೆ ಒಳಪಟ್ಟಿತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ತಯಾರಿಕೆಯ ತಿಂಗಳನ್ನು ನೋಡಬೇಕಾದದ್ದು ಈ ಕಾರಣಕ್ಕೆ. 2023ರ ಏಪ್ರಿಲ್‌ಗಿಂತ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಒಂದು ಗೆರೆಯಿದೆ.

ಇನ್ನು ಕಟ್ಟುಮಸ್ತಿನ ಪ್ರಶ್ನೆ. ಇಲ್ಲಿ ಹಳೆಯ ಬೆರಳು ಪೂರ್ತಿ ನಿರುಪಯೋಗಿಯಾಗಿಲ್ಲ. ಚೌಕಟ್ಟಿನ ಬೆಸುಗೆ ಸಮನಾಗಿದೆಯೇ, ಹೊರಮೈಯ ಹಲಗೆಗಳ ನಡುವಿನ ಸಂದು ಎರಡೂ ಕಡೆ ಒಂದೇ ಅಗಲವಿದೆಯೇ, ಹ್ಯಾಂಡಲ್ ತಿರುಗಿಸಿದಾಗ ವೈರು ಎಳೆದಾಡುತ್ತದೆಯೇ, ವೈರಿನ ಕೂಡಿಕೆಗಳಿಗೆ ರಬ್ಬರಿನ ಮುಚ್ಚಳವಿದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಬ್ಯಾಟರಿ ಪೆಟ್ಟಿಗೆಗೆ ‘ಐಪಿ 67’ ಎಂದಿದ್ದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡದು ಎಂದು ಅರ್ಥ. ಹಳ್ಳ ದಾಟುವ ದಾರಿಗಳಲ್ಲಿ ಇದು ಬೇಕೇ ಬೇಕು. ಮಳೆಗಾಲದ ಎರೆಮಣ್ಣು ಇನ್ನೊಂದು ಪರೀಕ್ಷೆ. ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಅಂಗೈ ತೂರುವಷ್ಟು ಜಾಗವಿಲ್ಲದಿದ್ದರೆ ಹೊಲದ ದಾರಿಯಲ್ಲಿ ಮಣ್ಣು ಮೆತ್ತಿ ಗಾಲಿ ತಿರುಗುವುದೇ ಇಲ್ಲ. ಈ ಪರೀಕ್ಷೆಯನ್ನು ಪುಣೆಯಲ್ಲಿ ಯಾರೂ ಮಾಡುವುದಿಲ್ಲ. ನಮ್ಮ ರೈತ ಮಾಡಬಲ್ಲ, ಅಂಗಡಿಯಲ್ಲೇ.

ತೊಡಕು ಇರುವುದು ಒಳಗೆ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದರ ಆಯುಸ್ಸು ಎಷ್ಟು ಉಳಿದಿದೆ ಎಂಬ ಲೆಕ್ಕ ಗಾಡಿಯ ಗಣಕದಲ್ಲಿರುತ್ತದೆ. ಅದನ್ನು ಪೂರ್ತಿಯಾಗಿ ಓದಬಲ್ಲದ್ದು ಸಾಮಾನ್ಯವಾಗಿ ಕಂಪನಿಯ ಸರ್ವಿಸ್ ಕೇಂದ್ರದ ಲ್ಯಾಪ್‌ಟಾಪ್ ಮಾತ್ರ. ಎತ್ತಿನ ಹಲ್ಲು ಎಲ್ಲರಿಗೂ ಕಾಣುತ್ತಿತ್ತು. ಈ ಎತ್ತಿನ ಬಾಯಿಗೆ ಬೀಗವಿದೆ, ಬೀಗದ ಕೈ ಮಾರುವವನ ಬಳಿ. ಯೆಜ್ಡಿಯ ಮೇಸ್ತ್ರಿ ಕಲಿತದ್ದು ಬಿಚ್ಚಿ ಜೋಡಿಸಿ. ಮೈಸೂರಿನ ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಆ ಗಾಡಿಗಳು ಅಲ್ಲಲ್ಲಿ ಓಡುತ್ತಿರುವುದು ಅಂಥವರಿಂದಲೇ. ಬ್ಯಾಟರಿ ಗಾಡಿಯ ಕಂಪನಿಯೊಂದು ನಾಳೆ ಬಾಗಿಲು ಹಾಕಿದರೆ ಅದರ ಗಾಡಿಯನ್ನು ಬಿಚ್ಚಿ ನೋಡುವ ಮೇಸ್ತ್ರಿ ಲಿಂಗಸುಗೂರಿನಲ್ಲಿ ಎಲ್ಲಿದ್ದಾನೆ? ವಾರಂಟಿ ಎಂಟು ವರ್ಷವಿರಬಹುದು, ವಾರಂಟಿ ಕೊಟ್ಟವರು ಎಂಟು ವರ್ಷ ಇರಬೇಕಲ್ಲ.

ಈ ಹೊಸ ಸರಕಿನ ಕಚ್ಚಾವಸ್ತುವಿಗಾಗಿ ನಮ್ಮ ರಾಜ್ಯದ ನೆಲದಲ್ಲೇ ಹುಡುಕಾಟ ನಡೆದಿದೆ ಎಂಬುದು ಇನ್ನೊಂದು ಸ್ವಾರಸ್ಯ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಶೋಧದ ಸ್ಥಳಗಳ ಸಾಲಿನಲ್ಲಿ ಗುರುಗುಂಟಾದವರು ವರ್ಷವರ್ಷ ಜಾತ್ರೆಗೆ ಹೋಗುವ ಅಮರೇಶ್ವರದ ಹೆಸರೂ ಇದೆ. ಚಿನ್ನ ಹುಡುಕಲು ಬಂದವರಿಗೆ ಅಶೋಕ ಸಿಕ್ಕ ಸೀಮೆಯಿದು. ಇಲ್ಲಿ ಏನು ಸಿಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ.

ಹೋಟೆಲಿನ ಮುಂದಿನ ಗುಂಪು ಕರಗಿದ ಮೇಲೆ ಗಾಡಿಯ ಹುಡುಗನನ್ನು ಮಾತಾಡಿಸಿದ್ದಾಯಿತು. ಎಷ್ಟು ಕಿಲೋಮೀಟರ್ ಬರುತ್ತದೆ ಎಂದದ್ದಕ್ಕೆ ಕಂಪನಿ ಹೇಳಿದ ಅಂಕಿಯನ್ನು ಹೇಳಲಿಲ್ಲ. ಜೇಬಿನಿಂದ ಸಣ್ಣ ಡೈರಿ ತೆಗೆದ. ಪ್ರತಿ ಚಾರ್ಜಿಗೆ ಎಷ್ಟು ಓಡಿತು, ಒಬ್ಬನೇ ಇದ್ದನೋ ಇಬ್ಬರಿದ್ದರೋ, ಬಿಸಿಲೋ ಮಳೆಯೋ ಎಂದು ಒಂಬತ್ತು ತಿಂಗಳ ಲೆಕ್ಕ ಅದರಲ್ಲಿತ್ತು. ಕಾಕಾ ಕೂಡ ಬಗ್ಗಿ ನೋಡಿದರು. ‘ಮೊದಲ ತಿಂಗಳದ್ದು ಓದು, ಆಮ್ಯಾಲೆ ಈ ತಿಂಗಳದ್ದು ಓದು’ ಎಂದರು.